ಬನ್ ಸುತ್ತಿದ ಹಾಳೆ

ಪುಸ್ತಕ ಮನೆಗೆ ಬಂದದ್ದು ಕೈಗಾಡಿಯಲ್ಲಿ, ಮಧ್ಯಾಹ್ನ, ಬೇಕರಿಯವನು ಒಲೆ ಆರಿಸಿ ಅಂಗಾತ ಮಲಗಿದ್ದ ಹೊತ್ತಿನಲ್ಲಿ. ಪುಸ್ತಕ ಅನ್ನುವುದೂ ತಪ್ಪೇ. ಹೊಲಿಗೆಯಿಲ್ಲ, ರಟ್ಟಿಲ್ಲ, ಹದಿನಾರು ಪುಟಕ್ಕೊಂದರಂತೆ ಮಡಿಸಿ ಹುರಿಯಲ್ಲಿ ಬಿಗಿದ ಹಾಳೆಗಳ ಕಟ್ಟುಗಳು. ಪ್ರೆಸ್ಸಿನವರು ಆ ಹದಿನಾರು ಪುಟಕ್ಕೆ ಒಂದು ಫಾರಂ ಅನ್ನುತ್ತಾರೆ. ಒಂದು ಕಟ್ಟಿನಲ್ಲಿ ಒಂದೇ ಫಾರಮಿನ ಪ್ರತಿಗಳು. ಕಟ್ಟಿಗೊಂದರಂತೆ ತೆಗೆದು, ಜೋಡಿಸಿ ಹೊಲಿದರೆ ಆಗ ಅದು ಪುಸ್ತಕ.

"ಏನೇ ಅದು ಅಷ್ಟೊಂದು?" ಗಲ್ಲಾದ ಹಿಂದೆ ಕೂತಿದ್ದ ಅಜ್ಜಿ ಕೇಳಿದಳು.

ಬನ್ನಕ್ಕನಿಗೆ ಬಾಯಿಗೆ ಬಂದದ್ದು ಒಂದೇ ಮಾತು. "ರದ್ದಿ ಅತ್ತೆ. ಪ್ರೆಸ್ಸಲ್ಲಿ ಹಾಳಾದ ಕಾಗದ. ಅಗ್ಗಕ್ಕೆ ಸಿಕ್ತು."

ಅಗ್ಗ ಎಂಬ ಮಾತು ಕಿವಿಗೆ ಬಿದ್ದರೆ ಅಜ್ಜಿ ಮುಂದಿನ ಪ್ರಶ್ನೆ ಕೇಳುವವಳಲ್ಲ. ಕಟ್ಟುಗಳೆಲ್ಲ ಹಿಟ್ಟಿನ ಕೋಣೆಗೆ ಹೋಗಿ, ಮೈದಾ ಮೂಟೆಗಳ ಹಿಂದೆ ಕೂತವು. ಬನ್ನಕ್ಕ ಮೇಲೊಂದು ಖಾಲಿ ಚೀಲ ಹೊದಿಸಿ, ಏನೂ ನಡೆದೇ ಇಲ್ಲವೆಂಬಂತೆ ಟ್ರೇ ಉಜ್ಜಲು ಹೋದಳು.

ಬನ್ನಕ್ಕ ಬೇಕರಿಯವನ ಹೆಂಡತಿ, ಅಜ್ಜಿಯ ಸೊಸೆ. ಮದುವೆಯಾಗಿ ಬಂದಾಗಿನಿಂದ ಬನ್ನು ಕಟ್ಟಿ ಕೊಡುವ ಕೆಲಸ ಅವಳದು; ಬೀದಿಯವರು ಇಟ್ಟ ಹೆಸರೂ ಅದೇ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕೌಂಟರಿನ ಮೂಲೆಗೆ ಒರಗಿ ಅವಳು ಕಥೆ ಬರೆಯುತ್ತಿದ್ದಳು. ವರ್ಷಗಟ್ಟಲೆ ಬರೆದದ್ದು ಒಂದು ಪುಸ್ತಕಕ್ಕಾಗುವಷ್ಟು ಆಯಿತು. ಹಿಟ್ಟು ಕಲಸುವ ಮೆಷಿನ್ನಿಗೆಂದು ಕೂಡಿಟ್ಟ ದುಡ್ಡನ್ನು ಗಂಡ ತಾನೇ ತೆಗೆದು ಕೈಗಿಟ್ಟ. "ಮೆಷಿನ್ನು ಎಲ್ಲಿಗೂ ಓಡಿಹೋಗಲ್ಲ, ಮೊದಲು ಪುಸ್ತಕ ಆಗಲಿ" ಅಂದ. ಬಲಭುಜ ನೋಯುತ್ತಿದ್ದರೂ ಕೈಯಲ್ಲೇ ಹಿಟ್ಟು ನಾದುತ್ತಿದ್ದ ಮನುಷ್ಯ ಹಾಗಂದಾಗ ಅವಳಿಗೆ ಅಳು ಬಂದಿತ್ತು.

ಹಾಳೆಗಳು ಅಚ್ಚಾಗುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಲೈಬ್ರರಿಯ ಮೇಡಂ ಒಂದು ಭಾನುವಾರದ ಓದುಗರ ಕೂಟಕ್ಕೆ ಕರೆದಳು. ಬನ್ನಕ್ಕ ಹೊಸ ಚಪ್ಪಲಿ ಹಾಕಿಕೊಂಡು ಹೋಗಿ ಒಂದು ಪುಟ್ಟ ಕಥೆ ಓದಿದಳು. ಓದಿ ಮುಗಿಸಿ ತಲೆಯೆತ್ತಿದರೆ, ಮುಂದಿನ ಸಾಲಿನಲ್ಲಿದ್ದ ನಿವೃತ್ತ ಹೆಡ್‌ಮಾಸ್ಟರು ಕನ್ನಡಕ ಒರೆಸುತ್ತಿದ್ದರು. "ಇದು ಕಥೆಯಲ್ಲಮ್ಮ, ಅಂಗಡಿ ಮಾತು. ದುಡ್ಡು ಕೊಟ್ಟು ಯಾರು ಓದ್ತಾರೆ?" ಎಂದರು. ಯಾರೋ ಕಿಸಕ್ಕೆಂದರು. ಬನ್ನಕ್ಕ ಮನೆಗೆ ಬಂದವಳೇ ಪ್ರೆಸ್ಸಿಗೆ ಫೋನು ಮಾಡಿ, ರಟ್ಟು ಹಾಕಬೇಡಿ, ಆಮೇಲೆ ಹೇಳುತ್ತೇನೆ ಅಂದಳು. ಆ ಆಮೇಲೆ ಬರಲೇ ಇಲ್ಲ. ಕಾದು ಕಾದು ಪ್ರೆಸ್ಸಿನವನು, ಜಾಗ ಇಲ್ಲ ತಾಯಿ ಎಂದು ಎಲ್ಲವನ್ನೂ ಕೈಗಾಡಿಗೆ ಹೇರಿ ಕಳಿಸಿಬಿಟ್ಟಿದ್ದ.

ರಾತ್ರಿ ಊಟಕ್ಕೆ ಕೂತಾಗ ಗಂಡ ಎಡಗೈಯಲ್ಲಿ ಭುಜ ಒತ್ತಿಕೊಳ್ಳುತ್ತ ಕೇಳಿದ. "ಪುಸ್ತಕ ಎಲ್ಲಿಗೆ ಬಂತು?"

"ಪ್ರೆಸ್ಸಿನವರು ತಡ ಮಾಡ್ತಿದಾರೆ ರೀ."

"ನಾನೇ ಹೋಗಿ ಕೇಳಲಾ?"

"ಬೇಡ ಬೇಡ. ಬೇಜಾರು ಮಾಡ್ಕೋತಾರೆ."

ಕಾಲೇಜಿಗೆ ಹೋಗುವ ಮಗಳು ಆಲೂಗಡ್ಡೆ ಪಲ್ಯ ಬಡಿಸಿಕೊಳ್ಳುತ್ತ ಅಮ್ಮನ ಮುಖವನ್ನೇ ನೋಡಿದಳು. ಹಿಂದಿನ ದಿನವಷ್ಟೇ ಅವಳು, ಪುಸ್ತಕ ಬರುವ ಮೊದಲೇ ನಾಲ್ಕು ಜನಕ್ಕೆ ಹೇಳಬೇಕು, ಅಂಗಡಿ ಬೋರ್ಡಿನಲ್ಲಿ ಬರೆಯುತ್ತೇನೆ ಎಂದು ಸೀಮೆಸುಣ್ಣ ಹಿಡಿದಿದ್ದಳು. ಅಮ್ಮ ಅದನ್ನು ಕಿತ್ತುಕೊಂಡು ಡಬ್ಬಿಯಲ್ಲಿ ಹಾಕಿ ಮುಚ್ಚಿದ್ದಳು. ತಾನು ಬರೆದದ್ದನ್ನು ತಾನೇ ಹೊಗಳಿಕೊಂಡು ತಿರುಗಲು ನಾಚಿಕೆಯಾಗುವುದಿಲ್ಲವೇ ಎಂದು ಗದರಿದ್ದಳು. ಅಜ್ಜಿ ಮಾತ್ರ ಯಾವುದಕ್ಕೂ ತಲೆ ಹಾಕಲಿಲ್ಲ. ಮೆಷಿನ್ನಿನ ದುಡ್ಡು ಕಾಗದಕ್ಕೆ ಹೋದದ್ದು ಅವಳಿಗೆ ಹಿಡಿಸಿರಲಿಲ್ಲ. ಅದನ್ನು ಒಮ್ಮೆ ಖಡಾಖಂಡಿತವಾಗಿ ಹೇಳಿ, ಮತ್ತೆ ಆ ಸುದ್ದಿ ಎತ್ತಿರಲಿಲ್ಲ.

ಮುಂದಿನ ವಾರ ಬನ್ನಕ್ಕನ ತಂಗಿಗೆ ಆಪರೇಷನ್ ಆಯಿತು. ಪಕ್ಕದ ಊರಿನ ಆಸ್ಪತ್ರೆಯಲ್ಲಿ ಅವಳ ಜೊತೆಗಿರಲು ಬನ್ನಕ್ಕ ಹೊರಟಳು. ಬನ್ನು ಕಟ್ಟುವ ಕೆಲಸವೂ ಅಜ್ಜಿಯ ಪಾಲಿಗೆ ಬಂತು.

ಆ ಬೇಕರಿಯಲ್ಲಿ ಬನ್ನು ಕಟ್ಟುವುದಕ್ಕೊಂದು ಕ್ರಮವಿತ್ತು. ಒಳಗೆ ತೆಳು ಬಿಳಿ ಕಾಗದ, ಅದರ ಮೇಲೊಂದು ಹಳೆಯ ಪೇಪರು, ಒಂದು ಸುತ್ತು ದಾರ. ತಾತ ಅಂಗಡಿ ತೆರೆದ ದಿನದಿಂದಲೂ ಹೀಗೇ. ಈಗೀಗ ಎಲ್ಲರೂ ಪೇಪರನ್ನು ಫೋನಿನಲ್ಲೇ ಓದುತ್ತಿದ್ದರಿಂದ ರದ್ದಿ ಸಿಗುವುದೇ ದುರ್ಲಭವಾಗಿತ್ತು. ಮೂರನೆಯ ದಿನ ಹಳೆಯ ಪೇಪರು ಖಾಲಿಯಾಯಿತು. ಅಜ್ಜಿಗೆ ಸೊಸೆ ತಂದ ಅಗ್ಗದ ರದ್ದಿ ನೆನಪಾಯಿತು. ಹಿಟ್ಟಿನ ಕೋಣೆಗೆ ಹೋಗಿ ಚೀಲ ಸರಿಸಿ, ಮೇಲಿದ್ದ ಕಟ್ಟನ್ನು ಬಿಚ್ಚಿದಳು. ಬಿಳಿಬಿಳಿ ಕಾಗದ, ಒಂದು ಕಲೆಯಿಲ್ಲ, ಒಳ್ಳೆ ದಪ್ಪ. "ಇದನ್ನ ಹಾಳಾದ ಕಾಗದ ಅಂತಾರಲ್ಲ, ಪ್ರೆಸ್ಸಿನವರಿಗೆ ಸೊಕ್ಕು" ಎಂದು ಗೊಣಗಿದಳು. ಒಂದು ಬನ್ನಿನ ಪೊಟ್ಟಣಕ್ಕೆ ಒಂದು ಫಾರಂ. ಬಿಡಿಸಿದರೆ ನಾಲ್ಕು ಬನ್ನು ಸುತ್ತುವಷ್ಟು ಅಗಲ. ಕನ್ನಡಕ ಹಾಕಿಕೊಂಡು ಅದರಲ್ಲೇನಿದೆ ಎಂದು ನೋಡುವ ಉಸಾಬರಿ ಅವಳಿಗೆ ಬೇಕಿರಲಿಲ್ಲ.

ಗಂಡನಿಗೆ ಗೊತ್ತಾಗಲಿಲ್ಲ, ಏಕೆಂದರೆ ಅವನು ಒಲೆ ಬಿಟ್ಟು ಮುಂದಕ್ಕೆ ಬರುವವನಲ್ಲ. ಮಗಳಿಗೆ ಪರೀಕ್ಷೆ, ಅವಳು ಹಿತ್ತಲ ಬಾಗಿಲಿನಿಂದ ಹೋಗಿ ಹಿತ್ತಲ ಬಾಗಿಲಿನಿಂದ ಬರುತ್ತಿದ್ದಳು. ಹೀಗಾಗಿ ಬೀದಿಗೆ ಬೀದಿಯೇ ಬನ್ನಿನ ಜೊತೆ ಪುಸ್ತಕದ ಮೊದಲ ಹದಿನಾರು ಪುಟವನ್ನು ಮನೆಗೆ ಒಯ್ಯಿತು.

ಬನ್ನಕ್ಕ ವಾಪಸು ಬಂದ ಬೆಳಗ್ಗೆ ಅಂಗಡಿಯ ಮುಂದೆ ಮೊದಲು ನಿಂತವನು ಎದುರಿನ ಇಸ್ತ್ರಿಯವನು. "ಅಕ್ಕ, ಎರಡು ಬನ್ನು. ಆಮೇಲೆ ಮುಂದಿನ ಭಾಗ ಇದ್ರೆ ಅದರಲ್ಲೇ ಸುತ್ತಿ ಕೊಡಿ" ಅಂದ.

"ಯಾವ ಮುಂದಿನ ಭಾಗ?"

"ಅದೇ, ಬೇಕರಿ ಮುದುಕಿ ಕಥೆ. ಒಳ್ಳೆ ಜಾಗದಲ್ಲಿ ನಿಂತುಬಿಟ್ಟಿದೆ. ಮನೇಲಿ ಎಲ್ಲರೂ ತಲೆ ತಿನ್ತಿದಾರೆ."

ಬನ್ನಕ್ಕ ಬನ್ನು ಸುತ್ತಲೆಂದು ಕೈಗೆತ್ತಿಕೊಂಡಿದ್ದ ಹಾಳೆಯನ್ನು ನೋಡಿದಳು. ಪುಸ್ತಕದಲ್ಲಿ ಅವಳು ಯಾರಿಗೂ ತೋರಿಸಲು ಅತಿ ಹೆಚ್ಚು ಹೆದರಿದ್ದ ಕಥೆ ಅದು, ಮೊದಲನೆಯದು. ಅದು ಅಜ್ಜಿಯ ಕಥೆ. ಹೆಸರಿರಲಿಲ್ಲ, ಆದರೆ ಗಲ್ಲಾದ ಹಿಂದಿನ ಮುರುಕು ಸ್ಟೂಲು, ಚಿಲ್ಲರೆಯನ್ನು ಎರಡು ಸಲ ತಟ್ಟಿ ಕೊಡುವ ಅಭ್ಯಾಸ, ನಿನ್ನೆಯ ಬ್ರೆಡ್ಡನ್ನು ಇಲ್ಲದವರಿಗೆ ಕೊಡುವಾಗ "ಸೀದು ಹೋಗಿದೆ, ತಗೊಂಡು ಹೋಗಿ, ನನಗೊಂದು ಕಸ ಕಮ್ಮಿ" ಎಂದು ಬೈದು ಕೊಡುವ ರೀತಿ, ಎಲ್ಲವೂ ಇತ್ತು. ಆ ಅಜ್ಜಿಯೇ ತನ್ನ ಕೈಯಾರೆ ಅದನ್ನು ಬೀದಿಗೆಲ್ಲ ಹಂಚಿದ್ದಳು.

ಬನ್ನಕ್ಕ ಉಳಿದ ಹಾಳೆಗಳನ್ನು ಬಾಚಿಕೊಂಡಳು. ಅಜ್ಜಿ ಗದರಿದಳು. "ಯಾಕೆ ತೆಗೀತೀಯ? ನೀನೇ ರದ್ದಿ ಅಂದ್ಯಲ್ಲ?"

ಅಷ್ಟರಲ್ಲಿ ನರ್ಸೊಬ್ಬಳು ಬಂದಳು. ರಾತ್ರಿ ಪಾಳಿ ಮುಗಿಸಿ ಬ್ರೆಡ್ಡು ಒಯ್ಯುವುದು ಅವಳ ರೂಢಿ. ಬೀದಿಗೆ ಹೊಸಬಳು, ಕಥೆ ಯಾರ ಬಗ್ಗೆಯೆಂದು ತಿಳಿಯದವಳು. ಕಾದು ನಿಂತಿದ್ದ ಇಸ್ತ್ರಿಯವನ ಜೊತೆ ಮಾತಿಗಿಳಿದು, "ನಾನೂ ಓದಿದೆ ಕಣ್ರೀ. ಎಂಥ ಕಲ್ಲು ಮನಸ್ಸಿನ ಹೆಂಗಸು ಆಕೆ. ಗಂಡ ಸತ್ತ ಮಾರನೇ ಬೆಳಗ್ಗೆ ಶಟರ್ ಎತ್ತಿದಳಂತೆ, ಒಂದು ಹನಿ ಕಣ್ಣೀರಿಲ್ಲದೆ" ಅಂದಳು. ಇಸ್ತ್ರಿಯವನು ಕೆಮ್ಮಿದ, ಕಣ್ಣು ಮಿಟುಕಿಸಿದ, ಅವಳಿಗೆ ಹೊಳೆಯಲಿಲ್ಲ.

ಅಜ್ಜಿ ಚಿಲ್ಲರೆಯನ್ನು ಎರಡು ಸಲ ತಟ್ಟಿ ಕೊಟ್ಟಳು. ಕನ್ನಡಕ ಹುಡುಕಿ ಹಾಕಿಕೊಂಡಳು. ಸೊಸೆಯ ಕಂಕುಳಲ್ಲಿದ್ದ ಹಾಳೆಯೊಂದನ್ನು ಎಳೆದುಕೊಂಡು, ಪುಟಗಳನ್ನು ಹಿಂದೆ ಮುಂದೆ ತಿರುಗಿಸಿ ಹೊಂದಿಸಿಕೊಂಡು, ಬೆರಳಿಟ್ಟು ನಿಧಾನವಾಗಿ ಓದತೊಡಗಿದಳು. ಗಿರಾಕಿಗಳು ಬಂದರು, ಕಾದರು, ಹೋದರು. ಹದಿನಾರನೆಯ ಪುಟದ ಕೊನೆಯಲ್ಲಿ ಹೀಗಿತ್ತು: "ಗಂಡ ತೀರಿಕೊಂಡ ಮರುದಿನ ಬೆಳಗ್ಗೆ ಮುದುಕಿ ಎಂದಿನಂತೆ ಶಟರ್ ಎತ್ತಿದಳು. ಒಂದು ಮಾತಿಲ್ಲ, ಒಂದು ಹನಿ ಕಣ್ಣೀರಿಲ್ಲ. ಆಮೇಲೆ ಒಳಗೆ ಹೋದವಳು". ಅಲ್ಲಿಗೆ ಫಾರಂ ಮುಗಿದಿತ್ತು.

ಅಜ್ಜಿ ಎದ್ದು ಹೋಗಿ ಶಟರ್ ಎಳೆದಳು. ತಾತ ಸತ್ತಾಗಲೂ ಮುಚ್ಚದ ಬೇಕರಿ ಆ ದಿನ ಬೆಳಗ್ಗೆಯೇ ಮುಚ್ಚಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಮಾರಾಟವಾಗದೆ ಉಳಿದ ಬನ್ನು ಮೇಜಿನ ತುಂಬ ಇದ್ದವು. ಮೊದಲು ಗಂಡ ಹಾರಾಡಿದ. ಪುಸ್ತಕ ಪ್ರೆಸ್ಸಿನಲ್ಲಿದೆ ಎಂದು ತಾನು ದಿನವೂ ನಂಬಿಕೊಂಡು ಹಿಟ್ಟು ನಾದುತ್ತಿದ್ದರೆ, ಅದು ತನ್ನ ಬೆನ್ನ ಹಿಂದಿನ ಕೋಣೆಯಲ್ಲೇ ಮೂಟೆಯ ಮರೆಯಲ್ಲಿತ್ತಲ್ಲ, ತಾನೇನು ಪರಕೀಯನೇ ಎಂದು ಕೇಳಿದ. ಹೆಂಡತಿ ತಲೆ ತಗ್ಗಿಸಿ, ಹೆದರಿಕೆಯಾಯಿತು ಅಂದಳು.

"ಯಾರ ಹೆದರಿಕೆ?"

"ಎಲ್ಲರದ್ದೂ. ಮೇಷ್ಟ್ರು ಹಾಗಂದಮೇಲೆ ಇನ್ನುಳಿದವರು ಏನಂತಾರೋ ಅಂತ."

"ಏನಂತಾರೆ? ಚೆನ್ನಾಗಿಲ್ಲ ಅಂತಾರೆ. ದಿನಾ ನಮ್ಮ ಬನ್ನು ಗಟ್ಟಿ ಅಂತಾರೆ, ಸಪ್ಪೆ ಅಂತಾರೆ, ನಿನ್ನೆದು ಅಂತಾರೆ. ಅದಕ್ಕೆ ಬನ್ನನ್ನ ಮೂಟೆ ಹಿಂದೆ ಬಚ್ಚಿಡ್ತೀವಾ ನಾವು?"

ಇಷ್ಟು ಹೊತ್ತೂ ಗೋಡೆ ನೋಡುತ್ತ ಕೂತಿದ್ದ ಅಜ್ಜಿ ಈಗ ತಿರುಗಿದಳು.

"ನನ್ನನ್ನ ನನ್ನ ಕೈಯಿಂದಲೇ ಸುತ್ತಿಸಿ ಬೀದಿಗೆ ಹಂಚಿಸಿದೆ. ಕಲ್ಲು ಮನಸ್ಸಂತೆ. ಬರೆದವಳು ನೀನು."

"ಅತ್ತೆ, ಅದು ಅರ್ಧ. ಮುಂದಿನ ಹಾಳೇಲಿ ಕಥೆ ಬೇರೆ ಇದೆ. ಈಗಲೇ ತರ್ತೀನಿ, ಓದ್ತೀನಿ, ಕೇಳಿ."

"ನನಗೆ ಯಾಕೆ ಓದ್ತೀಯ? ನಾನೇನು ಮಾಡಿದೆ ಅಂತ ನನಗೆ ಗೊತ್ತಿಲ್ವಾ? ಅರ್ಧ ಬೀದಿಗೆ ಕೊಟ್ಟಿದೀಯ, ಉಳಿದರ್ಧಾನೂ ಬೀದಿಗೇ ಕೊಡು. ಎಲ್ಲರ ಎದುರಿಗೆ ನಿಂತು ಓದು. ಅಲ್ಲೀವರೆಗೂ ನಾನು ಗಲ್ಲಾ ಮೇಲೆ ಕೂರಲ್ಲ."

ಅಜ್ಜಿ ಒಂದು ಬನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಸಿಟ್ಟು ಎಷ್ಟೇ ಇದ್ದರೂ ಹಸಿದುಕೊಂಡಿರುವುದು ಅವಳ ಜಾಯಮಾನವಲ್ಲ.

ಮರುದಿನದಿಂದ ಗಲ್ಲಾದಲ್ಲೂ ಬನ್ನಕ್ಕನೇ. ಗಂಡ ಸಿಟ್ಟಿನಲ್ಲಿದ್ದರೂ ಕಟ್ಟುಗಳನ್ನು ಬೈಂಡರಿನ ಅಂಗಡಿಗೆ ಹೊತ್ತೊಯ್ದ, ನೋಯುವ ಭುಜದ ಮೇಲೆಯೇ. ಮೊದಲ ಫಾರಮಿನ ಪ್ರತಿಗಳಲ್ಲಿ ಅರ್ಧದಷ್ಟು ಬನ್ನಿಗೆ ಹೋಗಿತ್ತು. ಉಳಿದದ್ದರಲ್ಲಿ ಎಷ್ಟು ಪುಸ್ತಕವಾಗುತ್ತದೋ ಅಷ್ಟನ್ನು ಮೊದಲು ಹೊಲಿಯಿರಿ ಎಂದು ಹೇಳಿ ಬಂದ. ಲೈಬ್ರರಿಯ ಮೇಡಂ ಬ್ರೆಡ್ಡಿಗೆ ಬಂದಾಗ ಮಗಳೇ ಬಾಯಿ ಹಾಕಿ, ತಿಂಗಳ ಕೊನೆಯ ಭಾನುವಾರ ಅಮ್ಮ ಓದುತ್ತಾಳೆ ಅಂದುಬಿಟ್ಟಳು. ಮೇಡಂ ಸಂತೋಷದಿಂದ ತಲೆಯಾಡಿಸಿದಳು. ಬನ್ನಕ್ಕ ಮಗಳ ತೋಳು ಚಿವುಟಿದಳು, ಆದರೆ ಇಲ್ಲ ಎನ್ನಲಿಲ್ಲ.

ಸಂಜೆ ಮಗಳು ಡಬ್ಬಿಯಿಂದ ಸೀಮೆಸುಣ್ಣ ತೆಗೆದು ಅಂಗಡಿಯ ಬೋರ್ಡಿನಲ್ಲಿ ಬರೆದಳು: "ಒಳಗೆ ಹೋದವಳು ಏನು ಮಾಡಿದಳು? ಕೊನೆಯ ಭಾನುವಾರ, ಲೈಬ್ರರಿಯಲ್ಲಿ. ಪುಸ್ತಕವೂ ಸಿಗುತ್ತದೆ."

"ಇಷ್ಟು ದೊಡ್ಡ ಅಕ್ಷರ ಬೇಕಿತ್ತಾ?" ಬನ್ನಕ್ಕ ಕೇಳಿದಳು.

"ಚಿಕ್ಕದಾಗಿ ಬರೆದ್ರೆ ಚಿಕ್ಕವರು ಮಾತ್ರ ಓದ್ತಾರೆ. ಸರಿ ಅಮ್ಮ, ಬರೆದೋರ ಹೆಸರು ಏನಂತ ಹಾಕಲಿ?"

"ಬನ್ನಕ್ಕ ಅಂತಲೇ ಹಾಕು. ಬೇರೆ ಹೆಸರು ಹಾಕಿದ್ರೆ ನಾನೇ ಅಂತ ಯಾರಿಗೆ ಗೊತ್ತಾಗುತ್ತೆ?"

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಯಾರಿಗೂ ಗೊತ್ತಾಗಬಾರದೆಂದೇ ಇಷ್ಟು ದಿನ ಒದ್ದಾಡಿದ್ದು.

ಬೋರ್ಡಿನ ಮೇಲೆ ಬರಹ ಬಿದ್ದದ್ದೇ ತಡ, ಟೀಕೆಗಳು ಕೌಂಟರಿನ ಮೇಲೆ ಸುರಿಯತೊಡಗಿದವು. ಔಷಧಿ ಅಂಗಡಿಯವನು, ಕಥೆ ಚೆನ್ನಾಗಿದೆ ಆದರೆ ಉದ್ದ ಅಂದ. ಹೊಲಿಗೆಯ ಟೀಚರು ತುಂಬ ಚಿಕ್ಕದಾಯಿತು ಅಂದಳು. ಮುದುಕರೊಬ್ಬರು, ಬೇಕರಿಯ ಬಗ್ಗೆ ಬರೆಯುವುದೇನಿದೆ, ಯುದ್ಧದ ಬಗ್ಗೆ ಬರೆಯಬೇಕಿತ್ತು ಎಂದು ಸಲಹೆ ಕೊಟ್ಟು ಎರಡು ರಸ್ಕು ಕೊಂಡರು. ಇಸ್ತ್ರಿಯವನ ತಕರಾರು ಬೇರೆ: ಬೀದಿಯಲ್ಲಿ ಎಲ್ಲರೂ ಕಥೆಯಲ್ಲಿದ್ದಾರೆ, ತಾನೊಬ್ಬನೇ ಇಲ್ಲ. ಮೊದಮೊದಲು ಬನ್ನಕ್ಕ ದಾರದ ಗಂಟನ್ನೇ ತಪ್ಪಿ ಹಾಕುತ್ತಿದ್ದಳು. ಒಮ್ಮೆ ಒಳಗೆ ಹೋಗಿ ಮುಖ ತೊಳೆದುಕೊಂಡೂ ಬಂದಳು. ಆದರೆ ಗಿರಾಕಿ ನಿಂತಿರುವಾಗ ಎಷ್ಟು ಹೊತ್ತು ಮುಖ ತೊಳೆಯುವುದು? ಬನ್ನು ಗಟ್ಟಿ ಅಂದವರಿಗೆ ಇಷ್ಟು ವರ್ಷ ಹೇಗೆ ಉತ್ತರ ಕೊಟ್ಟಿದ್ದಳೋ, ಹಾಗೆಯೇ ಕೊಡತೊಡಗಿದಳು. ಉದ್ದ ಅಂದವರಿಗೆ, ಎರಡು ಸಲಕ್ಕೆ ಓದಿ ಅಂದಳು. ಚಿಕ್ಕದು ಅಂದವರಿಗೆ, ಪುಸ್ತಕ ಕೊಂಡರೆ ಇನ್ನೂ ಇದೆ ಅಂದಳು. ಇಸ್ತ್ರಿಯವನಿಗೆ, ಪುಸ್ತಕ ಬಂದ ಮೇಲೆ ಐದನೇ ಕಥೆ ಓದು, ಆಮೇಲೆ ಬಂದು ಜಗಳಕ್ಕೆ ನಿಲ್ಲು ಅಂದಳು. ಅವನು ಆ ದಿನದಿಂದ ಇಸ್ತ್ರಿ ಬಟ್ಟೆ ಕೊಡಲು ಬಂದವರಿಗೆಲ್ಲ ತಾನು ಪುಸ್ತಕದಲ್ಲಿದ್ದೇನೆ ಎಂದು ಸಾರಿಕೊಂಡು ಬಂದ.

ಗಂಡ ಸಂಜೆ ಹಿಟ್ಟು ನಾದುವಾಗ ಅವಳು ಎದುರು ಸ್ಟೂಲು ಹಾಕಿಕೊಂಡು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದಳು. ಅವನ ಸಿಟ್ಟು ಇಳಿದಿತ್ತು, ಆದರೆ ಬಾಯಿ ಸುಮ್ಮನಿರಲಿಲ್ಲ. "ಇನ್ನೂ ಜೋರಾಗಿ. ಈ ತೊಟ್ಟಿಯಲ್ಲಿರೋ ಹಿಟ್ಟಿಗೂ ಕೇಳಿಸ್ತಿಲ್ಲ" ಅನ್ನುತ್ತಿದ್ದ. ಕಥೆಯ ಕೊನೆ ಬಂದಾಗ ಮಾತ್ರ ನಾದುವುದನ್ನು ನಿಲ್ಲಿಸಿ, ತೋಳಿನಿಂದ ಕಣ್ಣೊರೆಸಿಕೊಂಡು, "ಸರಿ, ಇದನ್ನ ಅಮ್ಮನ ಎದುರಿಗೆ ಓದು" ಎಂದಷ್ಟೇ ಹೇಳಿದ.

ಅಜ್ಜಿ ತನ್ನ ಮಾತಿನಂತೆ ಗಲ್ಲಾದತ್ತ ಸುಳಿಯಲಿಲ್ಲ. ಹಿತ್ತಲಲ್ಲಿ ಕೂತು ಬಟಾಣಿ ಸುಲಿದಳು, ಪಾತ್ರೆ ತಿಕ್ಕಿದಳು, ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು. ಗಿರಾಕಿಗಳಿಗೆ ಚಿಲ್ಲರೆ ಸರಿಯಾಗಿ ಹೋಗುತ್ತಿದೆಯೇ ಎಂದು ಮೊಮ್ಮಗಳನ್ನು ಕಳಿಸಿ ನೋಡಿಸುತ್ತಿದ್ದಳು. ಸೊಸೆ ತಟ್ಟೆ ಇಟ್ಟರೆ ಊಟ ಮಾಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಉಪ್ಪು ಕಡಿಮೆಯಾದ ದಿನವೂ ಏನೂ ಅನ್ನಲಿಲ್ಲ. ಅಜ್ಜಿ ಬೈಯದ ಮನೆ ಬಿಕೋ ಎನ್ನುತ್ತಿತ್ತು.

ಆ ಭಾನುವಾರ ಲೈಬ್ರರಿಯಲ್ಲಿ ಕುರ್ಚಿ ಸಾಲಲಿಲ್ಲ. ಮಕ್ಕಳ ಓದುವ ಕೋಣೆಯಿಂದ ಗಿಡ್ಡ ಬೆಂಚುಗಳನ್ನೂ ತಂದು ಹಾಕಿದರು; ಔಷಧಿ ಅಂಗಡಿಯವನು ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದ. ಅನೇಕರ ಕೈಯಲ್ಲಿ ಬನ್ನು ಸುತ್ತಿದ ಹಾಳೆಯಿತ್ತು, ಕೆಲವದರ ಮೇಲೆ ಬೆಣ್ಣೆಯ ಕಲೆ. ಬೈಂಡರಿನವನು ಕಟ್ಟಿಕೊಟ್ಟ ಪುಸ್ತಕಗಳನ್ನು ಮಗಳು ಬ್ರೆಡ್ಡಿನ ಟ್ರೇಯಲ್ಲಿ ಜೋಡಿಸಿದ್ದಳು. ಮುಂದಿನ ಸಾಲಿನಲ್ಲಿ ಹೆಡ್‌ಮಾಸ್ಟರು, ಅದೇ ಕನ್ನಡಕ, ಅದೇ ಒರೆಸುವ ಬಟ್ಟೆ. ಅವರ ಪಕ್ಕದ ಕುರ್ಚಿ ಖಾಲಿಯಿತ್ತು.

ಬನ್ನಕ್ಕ ಎದ್ದು ನಿಂತು ಪುಸ್ತಕ ತೆರೆದಳು. ಓದಲು ಹೊರಟವಳು ಆ ಖಾಲಿ ಕುರ್ಚಿಯನ್ನೇ ನೋಡಿದಳು. ಆಗ ಬಾಗಿಲಲ್ಲಿ ಸದ್ದಾಯಿತು. ಅಜ್ಜಿ ಬಂದಳು, ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಯಾರನ್ನೂ ನೋಡದೆ ನೇರ ನಡೆದು ಹೆಡ್‌ಮಾಸ್ಟರ ಪಕ್ಕ ಕೂತಳು.

"ಹೂಂ, ಓದು" ಅಂದಳು.

ಬನ್ನಕ್ಕ ಓದಿದಳು. ಒಳಗೆ ಹೋದ ಮುದುಕಿ ತೊಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಹಿಟ್ಟು ಉಬ್ಬಿ ಅಂಚಿನ ತನಕ ಬಂದಿತ್ತು. ಹಿಂದಿನ ಸಂಜೆ ಗಂಡ ಕಲಸಿಟ್ಟು, ಕೈ ತೊಳೆದು, ಕುರ್ಚಿಯಲ್ಲಿ ಕೂತು, ಹಾಗೆಯೇ ಹೋಗಿಬಿಟ್ಟಿದ್ದ. ಅವನ ಕೈಯ ಕಡೆಯ ಹಿಟ್ಟು ಅದು. ಇನ್ನೊಂದು ಗಳಿಗೆ ಬಿಟ್ಟರೆ ಹುಳಿ ಬಂದು ಎಸೆಯಬೇಕಾಗುತ್ತಿತ್ತು. ನೆಂಟರು ಏನಾದರೂ ಅಂದುಕೊಳ್ಳಲಿ ಎಂದು ಅವಳು ಒಲೆ ಹಚ್ಚಿದಳು. ಆ ದಿನದ ಬ್ರೆಡ್ಡಿಗೆ ಯಾರಿಂದಲೂ ಕಾಸು ತೆಗೆದುಕೊಳ್ಳಲಿಲ್ಲ. ಅಳಲು ಅವಳಿಗೆ ಒಂದೇ ಜಾಗ ಸಿಕ್ಕಿತು, ಒಲೆಯ ಹಿಂದೆ, ಬೆವರೋ ಕಣ್ಣೀರೋ ಯಾರಿಗೂ ತಿಳಿಯದ ಕಡೆ.

ಓದು ಮುಗಿಯಿತು. ಮೂಲೆಯಲ್ಲಿದ್ದ ನರ್ಸು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವಳಿಗೆ ಈಗ ಎಲ್ಲ ತಿಳಿದಿತ್ತು.

ಹೆಡ್‌ಮಾಸ್ಟರು ಎದ್ದರು. ಜೇಬಿನಿಂದ ಮಡಿಸಿ ಮಡಿಸಿ ಸವೆದ ಹಾಳೆಯೊಂದನ್ನು ತೆಗೆದರು; ರಸ್ಕಿನ ಜೊತೆ ಅವರಿಗೂ ಒಂದು ಹೋಗಿತ್ತು. ಅದರ ತುಂಬ ಕೆಂಪು ಗೆರೆ. ಬನ್ನಕ್ಕನ ಮಗಳು ಅಮ್ಮನ ಸೆರಗು ಹಿಡಿದುಕೊಂಡಳು.

"ಅರ್ಧ ಓದಿ ಮಾತಾಡಬಾರದು ಅಂತ ಇವತ್ತಿನವರೆಗೂ ಕಾದೆ" ಎಂದರು ಮೇಷ್ಟ್ರು. "ಅವತ್ತು ಅಂಗಡಿ ಮಾತು ಅಂದಿದ್ದೆ. ಇವತ್ತೂ ಅದನ್ನೇ ಹೇಳ್ತೀನಿ. ವಾಕ್ಯಕ್ಕೆ ಹಿಡಿತ ಇಲ್ಲ. ಎಲ್ಲಿ ನೋಡಿದರೂ 'ಆಮೇಲೆ'. ಗೆರೆ ಎಳೆದೂ ಎಳೆದೂ ನನ್ನ ಪೆನ್ಸಿಲ್ಲು ಮೊಂಡಾಯ್ತು."

ಜನ ನಕ್ಕರು. ಅದೇ ನಗು, ಅಂದಿನ ಭಾನುವಾರದ್ದು. ಬನ್ನಕ್ಕ ಅದಕ್ಕಾಗಿ ಕಾದಳು: ಮುಖ ಬಿಸಿಯಾಗುವುದು, ನೆಲ ಬಾಯಿಬಿಡಬಾರದೇ ಎನಿಸುವುದು. ಮುಖ ಬಿಸಿಯಾಯಿತು. ನೆಲ ಮಾತ್ರ ಇದ್ದಲ್ಲೇ ಇತ್ತು, ಅವಳೂ ಅದರ ಮೇಲೆ ನಿಂತೇ ಇದ್ದಳು.

"ಹಾಳೆ ಕೊಡಿ ಸಾರ್, ನೋಡ್ತೀನಿ" ಎಂದು ಕೈ ಚಾಚಿ ತೆಗೆದುಕೊಂಡಳು. ಎರಡೂ ಬದಿ ತಿರುಗಿಸಿ ನೋಡಿದಳು. "ಆಮೇಲೆ ಜಾಸ್ತಿಯಾಗಿದೆ, ಒಪ್ಪಿದೆ. ಮುಂದಿನ ಸಲ ಕಮ್ಮಿ ಮಾಡ್ತೀನಿ. ಅಂಗಡಿ ಮಾತು ಅಂದಿರಿ, ಅದನ್ನೂ ಒಪ್ಪಿದೆ. ನಾನಿರೋದೇ ಅಂಗಡೀಲಿ. ಅದನ್ನ ಮಾತ್ರ ಕಮ್ಮಿ ಮಾಡಲ್ಲ."

ಈ ಸಲ ನಗು ಬೇರೆ ಥರ ಎದ್ದಿತು, ಅವಳ ಕಡೆಗೆ. ಹಿಂದಿನಿಂದ ಇಸ್ತ್ರಿಯವನು ಜೋರಾಗಿ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು. ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡು, ಅವಳನ್ನು ಒಂದು ಗಳಿಗೆ ನೋಡಿ, "ಒಂದು ಪುಸ್ತಕ ಕೊಡಮ್ಮ. ಹೊಸ ಪೆನ್ಸಿಲ್ಲು ತಗೊಂಡಿದೀನಿ" ಎಂದು ಜೇಬಿಗೆ ಕೈ ಹಾಕಿದರು. ಮೊದಲ ಪುಸ್ತಕ ಮಾರಾಟವಾದದ್ದು ಅವರಿಗೇ.

ಬನ್ನಕ್ಕ ಈಗ ಇನ್ನೊಬ್ಬರ ಕಡೆ ತಿರುಗಬೇಕಿತ್ತು. ಮೇಷ್ಟ್ರಿಗೆ ಉತ್ತರ ಕೊಟ್ಟ ಧೈರ್ಯ ಅಜ್ಜಿಯ ಮುಂದೆ ಅರ್ಧ ಕರಗಿತು. ಅಜ್ಜಿ ಕೂತಲ್ಲಿಂದ ಕದಲಿರಲಿಲ್ಲ.

"ತಪ್ಪು ಬರೆದಿದೀಯ" ಅಂದಳು ಅಜ್ಜಿ.

"ಎಲ್ಲಿ ಅತ್ತೆ?"

"ಒಲೆ ಹಿಂದೆ ಅಲ್ಲ ಅತ್ತಿದ್ದು. ಹಿಟ್ಟಿನ ಕೋಣೇಲಿ. ಒಲೆ ಹತ್ತಿರ ಕಣ್ಣು ಮಂಜಾದ್ರೆ ಬ್ರೆಡ್ಡು ಸೀದು ಹೋಗುತ್ತೆ. ಅವರ ಕೈ ಹಿಟ್ಟನ್ನ ಸೀಯಿಸ್ತೀನಾ ನಾನು?" ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನು ಅತ್ತಿದ್ದು ನಿನಗೆ ಹೇಗೆ ಗೊತ್ತಾಯ್ತು? ಯಾರೂ ನೋಡಿರಲಿಲ್ಲ."

"ನೀವು ಆಚೆ ಬಂದಾಗ ಕೆನ್ನೆ ಮೇಲೆ ಹಿಟ್ಟಿತ್ತು ಅತ್ತೆ. ಅದರ ಮೇಲೆ ನೀರು ಇಳಿದ ಗೆರೆ ಇತ್ತು. ಆಗ ನಾನು ಹೊಸಬಳು, ಹತ್ತಿರ ಬಂದು ಒರೆಸೋಕೆ ಧೈರ್ಯ ಬರಲಿಲ್ಲ."

ಅಜ್ಜಿ ಸೊಸೆಯನ್ನೇ ನೋಡುತ್ತ ಕೂತಳು. ಆ ಮನೆಗೆ ಬಂದ ದಿನದಿಂದ ಇಷ್ಟು ಹೊತ್ತು ಅವಳ ಮುಖವನ್ನು ಅಜ್ಜಿ ನೋಡಿದ್ದೇ ಇಲ್ಲವೇನೋ.

"ಸರಿ. ಅದನ್ನ ತಿದ್ದು."

"ಅಚ್ಚಾಗಿಬಿಟ್ಟಿದೆ ಅತ್ತೆ. ಇವೆಲ್ಲ ಖರ್ಚಾಗಿ ಮತ್ತೆ ಅಚ್ಚು ಹಾಕಿಸೋವಾಗ ತಿದ್ದಬೇಕು."

"ಖರ್ಚಾಗದಿದ್ರೆ?"

"ಹಾಗೇ ಇರುತ್ತೆ. ಒಲೆ ಹಿಂದೆ ಅಂತಲೇ."

ಅಜ್ಜಿ ಎದ್ದಳು. ಮೊಮ್ಮಗಳನ್ನು ಸರಿಸಿ, ಟ್ರೇಯ ಹಿಂದೆ ಹೋಗಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗಲ್ಲಾದಲ್ಲಿ ಕೂಗುವ ಅದೇ ದನಿಯಲ್ಲಿ, ಲೈಬ್ರರಿ ಎಂಬುದನ್ನೂ ಮರೆತು, ಕೂಗಿದಳು:

"ಯಾರ್ಯಾರು ಇನ್ನೂ ತಗೊಂಡಿಲ್ಲ? ಸಾಲಾಗಿ ಬನ್ನಿ, ಬೇಗ ತಗೊಳ್ಳಿ. ಇದರಲ್ಲೊಂದು ತಪ್ಪಿದೆ, ತಿದ್ದಿಸಬೇಕು."

ಜನ ಎದ್ದು ಸಾಲು ನಿಂತರು. ಮುಂದೆ ಬಂದ ನರ್ಸು ಏನೋ ಹೇಳಲು ಹೋದಳು, ಅಜ್ಜಿ ಹೇಳಲು ಬಿಡಲಿಲ್ಲ. ಪುಸ್ತಕವನ್ನು ಅವಳ ಕೈಗಿಟ್ಟು, ಚಿಲ್ಲರೆಯನ್ನು ಎರಡು ಸಲ ತಟ್ಟಿ ಕೊಟ್ಟಳು.